ಎರಡನೆಯ ಸಲ ಬರೆಯುವವರು

ಬೆಳಗಿನ ಏಳು ಗಂಟೆಯ ಹೊತ್ತಿಗೆ ಗುಮ್ಮಿಡಿಪೂಂಡಿಯ ಕಡೆಯಿಂದ ಬರುವ ಲೋಕಲ್ ರೈಲು ಎಣ್ಣೂರು ನಿಲ್ದಾಣವನ್ನು ತಲುಪುವಷ್ಟರಲ್ಲಿ ಅದರೊಳಗೆ ಮೂರು ಬಗೆಯ ಜನ ತುಂಬಿರುತ್ತಾರೆ. ರಾತ್ರಿಪಾಳಿ ಮುಗಿಸಿದ ಕಾರ್ಖಾನೆಯ ಕಾರ್ಮಿಕರು, ಬುಟ್ಟಿಗಳನ್ನು ಕಾಲಬುಡದಲ್ಲಿಟ್ಟುಕೊಂಡ ಮೀನು ಮಾರುವ ಹೆಂಗಸರು, ಇವರ ನಡುವೆ ಕಿಟಕಿಗೆ ತಲೆಯಾನಿಸಿ ನಿದ್ದೆಗಣ್ಣಿನಲ್ಲೇ ಪುಸ್ತಕ ಹಿಡಿದ ಹದಿನೆಂಟು ಹತ್ತೊಂಬತ್ತರ ಕೆಲವು ಹುಡುಗ ಹುಡುಗಿಯರು. ಈ ಮೂರನೆಯವರಿಗೆ ಸಮವಸ್ತ್ರವಿಲ್ಲ. ಶಾಲೆ ಮುಗಿದಿದೆ, ಕಾಲೇಜು ಸೇರಿಲ್ಲ. ಸೆಂಟ್ರಲ್‌ನಲ್ಲಿಳಿದು ಮೆಟ್ರೋ ಹತ್ತಿ ಅಣ್ಣಾನಗರದ ಕೋಚಿಂಗ್ ತರಗತಿಗಳಿಗೆ ಹೋಗುವ ಇವರನ್ನು ಊರು ಕರೆಯುವುದು ‘ರಿಪೀಟರ್’ ಎಂದು. ಸೋತವರೆಂದು ಅದರ ಅರ್ಥವಲ್ಲ. ಇವರಲ್ಲಿ ಬಹುತೇಕರು ಪ್ರವೇಶ ಪರೀಕ್ಷೆಯಲ್ಲಿ ಅರ್ಹರಾದವರೇ. ಬಂದ ಅಂಕ ಸಾಲದೆ, ಇನ್ನೂ ಬೇಕೆಂದು, ಒಂದು ವರ್ಷವನ್ನು ಒತ್ತೆಯಿಟ್ಟವರು. 2024ರ ಜೂನ್‌ನಿಂದ ಹತ್ತು ತಿಂಗಳು ನಮ್ಮ ಮಗಳೂ ಆ ಡಬ್ಬಿಯಲ್ಲಿ ಪಯಣಿಸಿದವಳಾದ ಕಾರಣ, ಹೀಗೆ ಎರಡನೆಯ ಸಲ ಬರೆಯುವ ಪದ್ಧತಿ ಈ ನಾಡಿಗೆ ಹೇಗೆ ಬಂತು, ಯಾರು ತಂದರು, ಯಾರು ತೆಗೆದರು ಎಂಬುದನ್ನು ಹುಡುಕುವ ಕುತೂಹಲ ನಮ್ಮಲ್ಲಿ ಹುಟ್ಟಿತು. ಹುಡುಕುತ್ತ ಹೋದಂತೆ ಕಥೆ ಒಂದೂವರೆ ಶತಮಾನದಷ್ಟು ಹಿಂದಕ್ಕೆ ಹೋಯಿತು. ಆ ದಾರಿಯಲ್ಲಿ ನಮ್ಮ ಕನ್ನಡದ ಹಿರಿಯರೂ ಕೆಲವರು ಎದುರಾದರು.

ಕಲ್ಕತ್ತ, ಬೊಂಬಾಯಿ, ಮದರಾಸು ವಿಶ್ವವಿದ್ಯಾಲಯಗಳು ಮೂರೂ ಹುಟ್ಟಿದ್ದು 1857ರಲ್ಲಿ. ಆರಂಭದಲ್ಲಿ ಇವು ಪಾಠ ಹೇಳುವ ಸಂಸ್ಥೆಗಳಾಗಿರಲಿಲ್ಲ, ಪರೀಕ್ಷೆ ನಡೆಸುವ ಸಂಸ್ಥೆಗಳಾಗಿದ್ದವು. ಪಾಠವನ್ನು ಕಾಲೇಜುಗಳು ಹೇಳಬೇಕು, ವಿಶ್ವವಿದ್ಯಾಲಯ ಅಳೆಯಬೇಕು. ಅಳತೆಗೋಲು ಕೈಗೆ ಬಂದ ಮರುವರ್ಷವೇ ಅದನ್ನು ಸ್ವಲ್ಪ ಬಗ್ಗಿಸಬೇಕಾದ ಪ್ರಸಂಗವೂ ಬಂತು. 1858ರಲ್ಲಿ ಕಲ್ಕತ್ತದ ಮೊದಲ ಬಿ.ಎ. ಪರೀಕ್ಷೆಯಲ್ಲಿ ತೇರ್ಗಡೆಯಾದವರೆಂದು ಘೋಷಿತರಾದವರು ಇಬ್ಬರೇ, ಬಂಕಿಮಚಂದ್ರ ಚಟ್ಟೋಪಾಧ್ಯಾಯ ಮತ್ತು ಜದುನಾಥ ಬೋಸ್. ಅವರೂ ಒಂದು ವಿಷಯದಲ್ಲಿ ಕೆಲವೇ ಅಂಕಗಳಿಂದ ಹಿಂದೆ ಬಿದ್ದಿದ್ದರು. ಏಳು ಕೃಪಾಂಕಗಳನ್ನು ಕೊಟ್ಟು ಅವರನ್ನು ದಾಟಿಸಲಾಯಿತು. ಭಾರತದ ಪದವಿಗಳ ಇತಿಹಾಸ ಕೃಪಾಂಕದಿಂದಲೇ ಆರಂಭವಾಯಿತೆನ್ನುವುದು ನಮಗೆ ಒಂದು ಸಣ್ಣ ಸಮಾಧಾನ. ಈ ಕೃಪಾಂಕ ಮತ್ತೊಮ್ಮೆ, ಬೇರೆ ವೇಷದಲ್ಲಿ, ಈ ಲೇಖನದ ಕೊನೆಯ ಭಾಗದಲ್ಲಿ ಬರಲಿದೆ.

ಮೈಸೂರು ಸಂಸ್ಥಾನದ ಕಾಲೇಜುಗಳು 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾಗುವವರೆಗೂ ಮದರಾಸಿಗೇ ಅಂಟಿಕೊಂಡಿದ್ದವು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ವಿಶ್ವೇಶ್ವರಯ್ಯನವರು 1881ರಲ್ಲಿ ಪಡೆದದ್ದು ಮದರಾಸಿನ ಬಿ.ಎ. ಪದವಿ. ಮಾಸ್ತಿ ವೆಂಕಟೇಶ ಅಯ್ಯಂಗಾರರು ಇಂಗ್ಲಿಷ್ ಎಂ.ಎ. ಮಾಡಲು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೇ ಬರಬೇಕಾಯಿತು. 1914ರಲ್ಲಿ ಚಿನ್ನದ ಪದಕದೊಂದಿಗೆ ಹಿಂದಿರುಗಿದರು. ದಕ್ಷಿಣ ಕನ್ನಡ ಮತ್ತು ಬಳ್ಳಾರಿ ಮದರಾಸು ಪ್ರಾಂತದೊಳಗೇ ಇದ್ದವಾದ್ದರಿಂದ ಅಲ್ಲಿನವರಿಗಂತೂ ಬೇರೆ ದಾರಿಯೇ ಇರಲಿಲ್ಲ. ಮಂಜೇಶ್ವರದ ಗೋವಿಂದ ಪೈಗಳು ಮದರಾಸಿನಲ್ಲಿ ಬಿ.ಎ. ಓದುತ್ತಿದ್ದಾಗ ತಂದೆಯವರು ತೀರಿಕೊಂಡದ್ದರಿಂದ ಪದವಿ ಪೂರ್ತಿಯಾಗಲಿಲ್ಲ. ಇಂಗ್ಲಿಷಿನಲ್ಲಿ ಮಾತ್ರ ಅವರಿಗೆ ಚಿನ್ನದ ಪದಕ ಬಂದಿತ್ತು. ಮುಂದೆ ಅವರು ಮತ್ತೆ ಹೋಗಿ ಬರೆಯಲಿಲ್ಲ. ಮಂಜೇಶ್ವರದಲ್ಲಿ ಕುಳಿತು ಇಪ್ಪತ್ತಕ್ಕೂ ಹೆಚ್ಚು ಭಾಷೆಗಳನ್ನು ಕಲಿತರು. ಡಿ.ವಿ. ಗುಂಡಪ್ಪನವರಿಗೆ ಮೆಟ್ರಿಕ್ಯುಲೇಷನ್ ದಾಟಲಾಗಲಿಲ್ಲವೆಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಇಂಥ ಹೆಸರುಗಳನ್ನು ಹೇಳಿ ಸೋತ ಮಕ್ಕಳಿಗೆ ಧೈರ್ಯ ತುಂಬುವ ರೂಢಿ ನಮ್ಮಲ್ಲಿದೆ. ನಮಗೆ ಆ ರೂಢಿಯಲ್ಲಿ ಅಷ್ಟು ನಂಬಿಕೆಯಿಲ್ಲ. ಪರೀಕ್ಷೆಯಲ್ಲಿ ಸೋತು ಡಿವಿಜಿಯಾಗದೆ ಉಳಿದವರ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಮದರಾಸಿನ ಹಳೆಯ ನಿಯಮದ ಕಠಿಣ ಮುಖವನ್ನು ನೋಡಬೇಕಾದರೆ ಶ್ರೀನಿವಾಸ ರಾಮಾನುಜನ್ ಅವರ ಎಫ್.ಎ. ಪರೀಕ್ಷೆಯ ಕಥೆಯನ್ನು ನೋಡಬೇಕು. ಎಫ್.ಎ. ಎಂದರೆ ಇಂದಿನ ಪಿಯುಸಿಗೆ ಸಮ. ಕುಂಭಕೋಣದ ಕಾಲೇಜಿಗೆ ವಿದ್ಯಾರ್ಥಿವೇತನದೊಂದಿಗೆ ಸೇರಿದ ರಾಮಾನುಜನ್ ಗಣಿತವೊಂದನ್ನು ಬಿಟ್ಟು ಉಳಿದುದನ್ನು ಓದದೆ ಆ ವೇತನವನ್ನು ಕಳೆದುಕೊಂಡರು. 1906ರಲ್ಲಿ ಮದರಾಸಿನ ಪಚ್ಚೈಯಪ್ಪ ಕಾಲೇಜನ್ನು ಸೇರಿದರು. ಅಲ್ಲಿ ಶರೀರಶಾಸ್ತ್ರ ಅಡ್ಡ ಬಂತು. 1907ರಲ್ಲಿ ಖಾಸಗಿ ಅಭ್ಯರ್ಥಿಯಾಗಿ ಮತ್ತೆ ಕುಳಿತರೂ ತೇರ್ಗಡೆಯಾಗಲಿಲ್ಲ. ಗಣಿತದ ಅಂಕ ಎಷ್ಟೇ ಇರಲಿ, ಎಲ್ಲ ವಿಷಯಗಳಲ್ಲಿಯೂ ದಾಟಿದರೆ ಮಾತ್ರ ಪರೀಕ್ಷೆ ದಾಟಿದಂತೆ ಎಂಬುದು ಅಂದಿನ ಕಟ್ಟಳೆ. 1912ರ ಮಾರ್ಚ್ 1ರಂದು ಅವರು ಮದರಾಸು ಬಂದರು ಟ್ರಸ್ಟಿನಲ್ಲಿ ತಿಂಗಳಿಗೆ 30 ರೂಪಾಯಿಯ ಗುಮಾಸ್ತರಾದರು. ಮುಂದಿನದು ಲೋಕಕ್ಕೆ ತಿಳಿದಿದೆ. ಆ ಬಂದರಿನ ಹೊರೆಯನ್ನು ಇಳಿಸಲೆಂದೇ ಎಣ್ಣೂರಿನಲ್ಲಿ ಹೊಸ ಬಂದರು ಕಟ್ಟಿದ್ದು. 2001ರಲ್ಲಿ ಆರಂಭವಾದ ಅದರ ಹೆಸರು ಈಗ ಕಾಮರಾಜರ್ ಬಂದರು. ಅದರ ಗೇಟಿನ ಮುಂದೆ ಹಾದುಹೋಗುವಾಗಲೆಲ್ಲ ನಮಗೆ ಆ 30 ರೂಪಾಯಿಯ ಗುಮಾಸ್ತೆ ನೆನಪಾಗುತ್ತಾರೆ.

ರಾಮಾನುಜನ್ ಎರಡನೆಯ ಸಲ ಬರೆದದ್ದು ದಾಟುವುದಕ್ಕಾಗಿ. ಇಂದಿನ ಮಕ್ಕಳು ಬರೆಯುವುದು ಏರುವುದಕ್ಕಾಗಿ. ಈ ವ್ಯತ್ಯಾಸ ಯಾವಾಗ ಹುಟ್ಟಿತು? ಸೀಟುಗಳಿಗಿಂತ ತೇರ್ಗಡೆಯಾದವರು ಬಹಳ ಹೆಚ್ಚಾದಾಗ ಎಂದು ಒಂದೇ ಮಾತಿನಲ್ಲಿ ಹೇಳಬಹುದು. ಆದರೆ ತಮಿಳುನಾಡಿನ ಮಟ್ಟಿಗೆ ಅದಕ್ಕೊಂದು ಗೊತ್ತಾದ ಆರಂಭವಿದೆ. ಎಂ.ಜಿ. ರಾಮಚಂದ್ರನ್ ಅವರ ಸರ್ಕಾರ 1984ರಲ್ಲಿ ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳಿಗೆ ಪ್ರವೇಶ ಪರೀಕ್ಷೆಯನ್ನು ತಂದಿತು. ಅದಕ್ಕೆ ಮೊದಲು ಸಂದರ್ಶನವಿತ್ತು. ಸಂದರ್ಶನದಲ್ಲಿ ಯಾರ ಮಗನಿಗೆ ಎಷ್ಟು ಅಂಕ ಬೀಳುತ್ತದೆಂಬುದನ್ನು ವಿವರಿಸಬೇಕಾಗಿಲ್ಲ. ಕರ್ನಾಟಕದಲ್ಲಿ ಸಿಇಟಿ ಆರಂಭವಾದದ್ದು ಹತ್ತು ವರ್ಷಗಳ ನಂತರ, 1994ರಲ್ಲಿ. ತಮಿಳುನಾಡಿನಲ್ಲಿ ಪ್ಲಸ್ ಟೂ ಅಂಕಗಳನ್ನು 200ಕ್ಕೆ ಇಳಿಸಿ, ಪ್ರವೇಶ ಪರೀಕ್ಷೆಯ 100ನ್ನು ಸೇರಿಸಿ, ಒಟ್ಟು 300ಕ್ಕೆ ‘ಕಟ್‌ಆಫ್’ ಎಂಬುದನ್ನು ಲೆಕ್ಕ ಹಾಕುತ್ತಿದ್ದರು. ದಶಮಾಂಶ ಚಿಹ್ನೆಯ ಬಲಗಡೆಯ ಅಂಕಿಗಳಿಗೂ ಜೀವ ಬಂದದ್ದು ಆಗಲೇ.

ಇದರ ಜೊತೆಗೆ ‘ಇಂಪ್ರೂವ್‌ಮೆಂಟ್’ ಎಂಬ ಸೌಲಭ್ಯವಿತ್ತು. ಪ್ಲಸ್ ಟೂ ತೇರ್ಗಡೆಯಾದವನು ಮರುವರ್ಷ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಅಥವಾ ಗಣಿತವನ್ನು ಮತ್ತೆ ಬರೆಯಬಹುದು. ಎರಡರಲ್ಲಿ ಹೆಚ್ಚಿನ ಅಂಕವೇ ಗಣನೆಗೆ ಬರುತ್ತದೆ. ಕಾಯಿಲೆ ಬಿದ್ದವನಿಗೆ, ಮನೆಯಲ್ಲಿ ಸಾವಾದವನಿಗೆ ಒದಗಲೆಂದು ತೆರೆದಿಟ್ಟ ಬಾಗಿಲು ಇದು ಎಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಆ ಬಾಗಿಲಿನ ಮುಂದೆ ಸಾಲು ನಿಂತವರು ಬೇರೆಯವರು. ಮೊದಲ ಸಲ ಬರೆಯುವವನು ಶಾಲೆಯ ಆರು ವಿಷಯಗಳನ್ನೂ ಪ್ರವೇಶ ಪರೀಕ್ಷೆಯನ್ನೂ ಒಂದೇ ವರ್ಷದಲ್ಲಿ ಹೊರಬೇಕು. ಎರಡನೆಯ ಸಲ ಬರೆಯುವವನಿಗೆ ಮೂರೇ ವಿಷಯ, ಇಡೀ ವರ್ಷ, ಜೊತೆಗೆ ಆ ವರ್ಷದ ಖರ್ಚನ್ನು ಹೊರಬಲ್ಲ ತಂದೆ. ಹೀಗಾಗಿ 200ಕ್ಕೆ 200 ಎಂಬ ಸಂಖ್ಯೆ, ತಮಿಳರು ಪ್ರೀತಿಯಿಂದ ‘ಸೆಂಟಮ್’ ಎನ್ನುವ ಆ ಸಂಖ್ಯೆ, ಕೈಗೆಟುಕುವ ವಸ್ತುವಾಯಿತು. ಒಮ್ಮೆ 198 ಬಂದವನಿಗೆ ಉಳಿದ ಎರಡು ಅಂಕ ಎಲ್ಲಿ ಬಿದ್ದುಹೋಯಿತೆಂದು ಹುಡುಕುವುದೇ ವರ್ಷದ ಉದ್ಯೋಗವಾಯಿತು. ನಮ್ಮ ಕಚೇರಿಯ ತಮಿಳು ಸಹೋದ್ಯೋಗಿಯೊಬ್ಬರು ಆ ಕಾಲದ ಇಂಪ್ರೂವ್‌ಮೆಂಟ್ ವಿದ್ಯಾರ್ಥಿ. ಇಂದಿಗೂ ಅವರು ಯಾವ ಕಡತವನ್ನೂ ಒಂದೇ ಸಲ ಓದಿ ಸಹಿ ಹಾಕುವುದಿಲ್ಲ.

2005ರ ಜೂನ್‌ನಲ್ಲಿ ಜಯಲಲಿತಾ ಅವರ ಸರ್ಕಾರ ಪ್ರವೇಶ ಪರೀಕ್ಷೆಯನ್ನೂ ಇಂಪ್ರೂವ್‌ಮೆಂಟ್ ಅಂಕಗಳ ಗಣನೆಯನ್ನೂ ಒಟ್ಟಿಗೆ ಕಿತ್ತುಹಾಕುವ ಆದೇಶ ಹೊರಡಿಸಿತು. ನಗರದ ಕೋಚಿಂಗ್ ಸಿಗದ ಹಳ್ಳಿಯ ಮಕ್ಕಳಿಗೆ ಇದರಿಂದ ಅನ್ಯಾಯವಾಗುತ್ತಿದೆಯೆಂಬುದು ಕಾರಣ. ಪ್ರವೇಶ ಪರೀಕ್ಷೆಯ ರದ್ದತಿ ಮದ್ರಾಸ್ ಹೈಕೋರ್ಟಿನಲ್ಲಿ ನಿಲ್ಲಲಿಲ್ಲ. 2006ರ ಆರಂಭದಲ್ಲಿ ತಂದ ಕಾನೂನೂ ಬಿದ್ದುಹೋಯಿತು. ಸರ್ಕಾರ ಬದಲಾಯಿತು, ಆದರೆ ಈ ವಿಷಯದಲ್ಲಿ ದ್ರಾವಿಡ ಪಕ್ಷಗಳೆರಡರ ಅಭಿಪ್ರಾಯ ಒಂದೇ ಆಗಿತ್ತು. ಕರುಣಾನಿಧಿಯವರ ಸರ್ಕಾರ ಶಿಕ್ಷಣ ತಜ್ಞ ಎಂ. ಅನಂತಕೃಷ್ಣನ್ ಅವರ ಸಮಿತಿಯಿಂದ ವರದಿ ಪಡೆದು, ಹೊಸ ಮಸೂದೆ ತಂದು, ರಾಷ್ಟ್ರಪತಿಗಳ ಅಂಕಿತ ಪಡೆಯಿತು. 2007ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲಿಂದ ಹತ್ತು ವರ್ಷ ಪ್ಲಸ್ ಟೂ ಅಂಕವೇ ಎಲ್ಲ. ಇಂಪ್ರೂವ್‌ಮೆಂಟ್ ಮತ್ತೆ ಬರಲಿಲ್ಲ.

ಬರೆಯಲು ಒಂದೇ ಅವಕಾಶವೆಂದಾದರೆ ಪರಿಪೂರ್ಣತೆಯ ಹಂಬಲ ಇಳಿಯಬೇಕಿತ್ತು. ಆದದ್ದು ಬೇರೆ. ಎರಡನೆಯ ವರ್ಷವನ್ನು ಮುಂದಕ್ಕೆ ಸೇರಿಸಲಾಗದವರು ಹಿಂದಕ್ಕೆ ಸೇರಿಸಿದರು. ನಾಮಕ್ಕಲ್ ಜಿಲ್ಲೆಯ ವಸತಿ ಶಾಲೆಗಳು ಪ್ರಸಿದ್ಧವಾದದ್ದು ಇದೇ ಕಾಲದಲ್ಲಿ. ಹನ್ನೊಂದನೆಯ ತರಗತಿಯ ಪಾಠವನ್ನು ಬದಿಗಿಟ್ಟು ಹನ್ನೆರಡನೆಯದನ್ನೇ ಎರಡು ವರ್ಷ ಉರುಹೊಡೆಸುವುದು, ಪುಸ್ತಕದ ಹಿಂಭಾಗದ ಪ್ರಶ್ನೆಗಳನ್ನು ಅಲ್ಪವಿರಾಮ ಸಮೇತ ಬಾಯಿಪಾಠ ಮಾಡಿಸುವುದು ಅಲ್ಲಿನ ಕ್ರಮ. ಮರುಪರೀಕ್ಷೆಯನ್ನು ಪರೀಕ್ಷೆಗೆ ಮುಂಚೆಯೇ ಮುಗಿಸಿಬಿಡುವ ಜಾಣ್ಮೆಯಿದು. ಪರಿಣಾಮವಾಗಿ ಎಂಜಿನಿಯರಿಂಗ್ ಕೌನ್ಸೆಲಿಂಗಿನ ಪಟ್ಟಿಯ ತುದಿಯಲ್ಲಿ 200ಕ್ಕೆ 200 ಪಡೆದವರ ಗುಂಪೇ ನಿಲ್ಲತೊಡಗಿತು. ಅವರಲ್ಲಿ ಯಾರು ಮೊದಲೆಂದು ತೀರ್ಮಾನಿಸಲು ಗಣಿತ, ಭೌತಶಾಸ್ತ್ರ, ನಾಲ್ಕನೆಯ ವಿಷಯ ಎಂದು ನೋಡುತ್ತ ಹೋಗಿ, ಎಲ್ಲವೂ ಸಮವಾದರೆ ಹುಟ್ಟಿದ ದಿನಾಂಕವನ್ನು ನೋಡಿ, ಅದೂ ಸಮವಾದರೆ ಕಂಪ್ಯೂಟರು ಮೊದಲೇ ಕೊಟ್ಟಿರುವ ‘ರ‍್ಯಾಂಡಮ್ ಸಂಖ್ಯೆ’ಯನ್ನು ನೋಡುತ್ತಾರೆ. ಹನ್ನೆರಡು ವರ್ಷದ ಓದಿನ ತುತ್ತತುದಿಯಲ್ಲಿ ಚೀಟಿ ಎತ್ತುವುದನ್ನು ಕಾನೂನುಬದ್ಧವಾಗಿ ಇರಿಸಿದ್ದಾರೆ. ಆ ಸಂಖ್ಯೆ ಹೊರಬೀಳುವ ದಿನ ಪತ್ರಿಕೆಗಳಲ್ಲಿ ಸುದ್ದಿಯಾಗುತ್ತದೆ. 2017ರಲ್ಲಿ ತಮಿಳುನಾಡು ಸರ್ಕಾರ ರಾಜ್ಯಕ್ಕೆ ಮೊದಲಿಗರ ಹೆಸರು ಪ್ರಕಟಿಸುವುದನ್ನು ನಿಲ್ಲಿಸಿತು. ಹನ್ನೊಂದಕ್ಕೂ ಸಾರ್ವಜನಿಕ ಪರೀಕ್ಷೆಯನ್ನು ತಂದಿತು. ಒಳ್ಳೆಯ ಕ್ರಮಗಳೇ. ಆದರೆ ಆ ವೇಳೆಗೆ ಆಟದ ಮೈದಾನವೇ ಬದಲಾಗಿತ್ತು.

ದೇಶಕ್ಕೆಲ್ಲ ಒಂದೇ ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್ ಮೊದಲು ನಡೆದದ್ದು 2013ರ ಮೇ ತಿಂಗಳಲ್ಲಿ. ಅದೇ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. 2016ರ ಏಪ್ರಿಲ್‌ನಲ್ಲಿ ತನ್ನದೇ ತೀರ್ಪನ್ನು ಹಿಂದಕ್ಕೆ ಪಡೆಯಿತು. ತಮಿಳುನಾಡಿಗೆ ಆ ವರ್ಷ ವಿನಾಯಿತಿ ಸಿಕ್ಕಿತು. 2017ರಲ್ಲಿ ಕೊನೆಯ ಗಳಿಗೆಯವರೆಗೂ ವಿನಾಯಿತಿಯ ಆಸೆ ತೋರಿಸಿ ಆಗಸ್ಟ್ 22ರಂದು ನೀಟ್ ಅಂಕವೇ ಅಂತಿಮವೆಂದಾಯಿತು. ಅರಿಯಲೂರು ಜಿಲ್ಲೆಯ ಕೂಲಿಕಾರರೊಬ್ಬರ ಮಗಳು, ಪ್ಲಸ್ ಟೂದಲ್ಲಿ 1200ಕ್ಕೆ 1176 ಅಂಕ ಪಡೆದಿದ್ದವಳು, ಈ ವಿಷಯದಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಗಿ ಬಂದಿದ್ದಳು. ಸೆಪ್ಟೆಂಬರ್ 1ರಂದು ಅವಳು ಜೀವ ಕಳೆದುಕೊಂಡ ಸುದ್ದಿ ಬಂದಾಗ ಈ ನಾಡು ಹೇಗೆ ಕುದಿಯಿತೆಂಬುದನ್ನು ನಾವು ಇಲ್ಲಿದ್ದೇ ಕಂಡಿದ್ದೇವೆ. ಆಗ ಆರನೆಯ ತರಗತಿಯಲ್ಲಿದ್ದ ನಮ್ಮ ಮಗಳು, ಅಷ್ಟು ಅಂಕ ಬಂದರೂ ಸಾಲುವುದಿಲ್ಲವೇ ಎಂದು ಕೇಳಿದ್ದಳು. ಉತ್ತರವನ್ನು ನಾವು ಹೇಗೋ ತೇಲಿಸಿದ್ದೆವು.

ಮರುಬರೆಹದ ಇತಿಹಾಸದಲ್ಲಿ ನಮ್ಮನ್ನು ಬಹಳವಾಗಿ ನಿಲ್ಲಿಸಿದ ಅಂಕಿಸಂಖ್ಯೆ 2021ರ ನ್ಯಾಯಮೂರ್ತಿ ಎ.ಕೆ. ರಾಜನ್ ಸಮಿತಿಯ ವರದಿಯಲ್ಲಿದೆ. ತಮಿಳುನಾಡಿನಲ್ಲಿ ಎಂ.ಬಿ.ಬಿ.ಎಸ್. ಸೇರಿದವರಲ್ಲಿ ಹಿಂದಿನ ವರ್ಷಗಳಲ್ಲಿ ಶಾಲೆ ಮುಗಿಸಿದವರ ಪಾಲು 2016–17ರಲ್ಲಿ ಶೇಕಡ 12.47 ಇದ್ದದ್ದು 2020–21ರಲ್ಲಿ ಶೇಕಡ 71.42 ಆಗಿತ್ತು. ಅಂದರೆ ಪರೀಕ್ಷೆಯನ್ನು ಮೊದಲ ಸಲವೇ ಗೆಲ್ಲುವವರು ಈಗ ಅಪವಾದ; ಎರಡನೆಯ ಅಥವಾ ಮೂರನೆಯ ವರ್ಷವೆಂಬುದು ಪಠ್ಯಕ್ರಮದ ಒಂದು ಭಾಗವೇ ಆಗಿಬಿಟ್ಟಿದೆ. 2005ರಲ್ಲಿ ಸರ್ಕಾರ ಮುಂಬಾಗಿಲಿನಿಂದ ಹೊರಹಾಕಿದ ಇಂಪ್ರೂವ್‌ಮೆಂಟ್ ಹನ್ನೆರಡು ವರ್ಷಗಳ ನಂತರ ದೆಹಲಿಯಿಂದ, ಬೇರೆ ಹೆಸರಿನಲ್ಲಿ, ಮತ್ತಷ್ಟು ದುಬಾರಿಯಾಗಿ ಮರಳಿ ಬಂತು. ವರದಿಯ ಆಧಾರದಲ್ಲಿ 2021ರ ಸೆಪ್ಟೆಂಬರ್‌ನಲ್ಲಿ ವಿಧಾನಸಭೆ ನೀಟ್ ವಿನಾಯಿತಿಯ ಮಸೂದೆಯನ್ನು ಅಂಗೀಕರಿಸಿತು. ರಾಜ್ಯಪಾಲರು ಹಿಂದಿರುಗಿಸಿದರು, 2022ರ ಫೆಬ್ರವರಿಯಲ್ಲಿ ಮತ್ತೆ ಅಂಗೀಕಾರವಾಯಿತು. ರಾಷ್ಟ್ರಪತಿಗಳ ಅಂಕಿತ ದೊರೆಯಲಿಲ್ಲವೆಂದು 2025ರ ಏಪ್ರಿಲ್‌ನಲ್ಲಿ ಮುಖ್ಯಮಂತ್ರಿಗಳು ಸದನಕ್ಕೆ ತಿಳಿಸಿದರು. ಈ ನಡುವೆ 2020ರಲ್ಲಿ ತಂದ ಇನ್ನೊಂದು ಕಾನೂನು ಮಾತ್ರ ಗಟ್ಟಿಯಾಗಿ ನಿಂತಿದೆ. ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ವೈದ್ಯಕೀಯ ಸೀಟುಗಳಲ್ಲಿ ಶೇಕಡ 7.5 ಮೀಸಲಿಡುವ ಕಾನೂನು ಅದು. ಎಣ್ಣೂರಿನ ನೆಟ್ಟುಕುಪ್ಪಂ, ತಾಳಂಕುಪ್ಪಂ ಮೊದಲಾದ ಮೀನುಗಾರರ ಕೇರಿಗಳಲ್ಲಿ ಡಾಕ್ಟರಾಗುವ ಮಾತನ್ನು ಮಕ್ಕಳು ನಗದೆ ಆಡುವಂತಾಗಿದ್ದರೆ ಅದು ಈ ಏಳೂವರೆಯ ದೆಸೆಯಿಂದ.

ಹೀಗೆ ಮತ್ತೆ ಮತ್ತೆ ಬರೆಯುವುದು ನಮ್ಮಲ್ಲಿ ಮಾತ್ರ ಇರುವ ಗೀಳೇನಲ್ಲ. ಸಾವಿರದ ಮುನ್ನೂರು ವರ್ಷ ನಡೆದ ಚೀನಾದ ಅರಸೊತ್ತಿಗೆಯ ಪರೀಕ್ಷೆಯಲ್ಲಿ ತಲೆ ನರೆಯುವವರೆಗೂ ಕೂರುವವರಿದ್ದರು. ನಾಲ್ಕು ಸಲ ಸೋತ ಹೋಂಗ್ ಶಿಯುಚ್ವಾನ್ ಎಂಬಾತ ಕೊನೆಗೆ ತಾಯ್ಪಿಂಗ್ ದಂಗೆಯ ನಾಯಕನಾಗಿ ಸಾಮ್ರಾಜ್ಯವನ್ನೇ ಅಲುಗಿಸಿದ. ಜಪಾನಿನಲ್ಲಿ ಮತ್ತೊಂದು ವರ್ಷ ಓದಿ ಬರೆಯುವವರನ್ನು ‘ರೋನಿನ್’ ಎನ್ನುತ್ತಾರೆ. ಒಡೆಯನಿಲ್ಲದ ಸಮುರಾಯಿಗೆ ಇದ್ದ ಹೆಸರದು. ನಮಗೆ ಮೆಚ್ಚಿಕೆಯಾದದ್ದು ಫ್ರಾನ್ಸಿನ ಪದ್ಧತಿ. ಅಲ್ಲಿ ಎಕೋಲ್ ಪಾಲಿಟೆಕ್ನಿಕ್‌ಗೆ ‘ಎಕ್ಸ್’ ಎಂದು ಅಡ್ಡಹೆಸರು. ಎಕ್ಸನ್ನು ಒಂದರಿಂದ ಎರಡರವರೆಗೆ ಸಮಾಕಲಿಸಿದರೆ ಮೂರರ್ಧ, ಎರಡರಿಂದ ಮೂರರವರೆಗೆ ಸಮಾಕಲಿಸಿದರೆ ಐದರ್ಧ. ಆದ್ದರಿಂದ ಸಿದ್ಧತೆಯ ಎರಡನೆಯ ವರ್ಷವನ್ನು ಮತ್ತೊಮ್ಮೆ ಓದುವವನಿಗೆ ‘ಐದರ್ಧ’ನೆಂದು ಹೆಸರು. ಸೋಲಿಗೂ ಒಂದು ಸೂತ್ರ ಕೊಟ್ಟು ಮರ್ಯಾದೆಯಿಂದ ಕಾಣುವ ಜನ. ನಮ್ಮಲ್ಲಿ ರಿಪೀಟರ್ ಎಂದರೆ ನೆಂಟರ ಮನೆಯ ಮದುವೆಗೆ ಹೋಗದವನು ಎಂದರ್ಥ.

ನಮ್ಮ ಸ್ವಂತ ನಾಡಿನಲ್ಲಿ ಈ ವಿಷಯ ಕೋರ್ಟಿನ ಮೆಟ್ಟಿಲೇರಿದ್ದು 2022ರಲ್ಲಿ. ಹೊರನಾಡಿನಲ್ಲಿರುವ ನಮ್ಮಂಥವರು ಅದನ್ನು ಅಷ್ಟಾಗಿ ಗಮನಿಸಲಿಲ್ಲ. ಆದರೆ ಅದು ಗಮನಿಸಬೇಕಾದ ಪ್ರಕರಣ. ಕೋವಿಡ್ ಕಾರಣದಿಂದ 2021ರಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆ ನಡೆಯಲಿಲ್ಲ. ಹಿಂದಿನ ತರಗತಿಗಳ ಅಂಕಗಳನ್ನು ಆಧರಿಸಿ ಎಲ್ಲರನ್ನೂ ತೇರ್ಗಡೆ ಮಾಡಲಾಯಿತು. ಆ ವರ್ಷದ ಸಿಇಟಿ ರ‍್ಯಾಂಕಿಗೆ ಪಿಯುಸಿ ಅಂಕವನ್ನು ಸೇರಿಸಲಿಲ್ಲ. ಆ ತಂಡದ ಸುಮಾರು 24 ಸಾವಿರ ಮಂದಿ 2022ರಲ್ಲಿ ಮತ್ತೆ ಸಿಇಟಿ ಬರೆದರು. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಹೊಸಬರಿಗೆ ಪಿಯುಸಿ ಅಂಕದ ಅರ್ಧವನ್ನೂ ಸಿಇಟಿಯ ಅರ್ಧವನ್ನೂ ಲೆಕ್ಕ ಹಾಕಿ, ಇವರಿಗೆ ಸಿಇಟಿಯನ್ನಷ್ಟೇ ಪರಿಗಣಿಸಿತು. ಪರೀಕ್ಷೆಯಿಲ್ಲದೆ ಬಂದ ಅಂಕ ಉಬ್ಬಿದ ಅಂಕ ಎಂಬುದು ಪ್ರಾಧಿಕಾರದ ವಾದ. ಉಬ್ಬಿಸಿದವರು ನಾವಲ್ಲ ಎಂಬುದು ವಿದ್ಯಾರ್ಥಿಗಳ ವಾದ. ಎರಡೂ ನಿಜ. ಹೈಕೋರ್ಟಿನ ಏಕಸದಸ್ಯ ಪೀಠ ಸೆಪ್ಟೆಂಬರ್ ಆರಂಭದಲ್ಲಿ ವಿದ್ಯಾರ್ಥಿಗಳ ಪರವಾಗಿ ತೀರ್ಪಿತ್ತಿತು. ಹಾಗೆಯೇ ಮಾಡಿದರೆ ಹೊಸಬರ ರ‍್ಯಾಂಕು ಸಾವಿರಗಟ್ಟಲೆ ಕುಸಿಯುತ್ತದೆಂದು ಸರ್ಕಾರ ಮೇಲ್ಮನವಿ ಸಲ್ಲಿಸಿತು. ಕೊನೆಗೆ ಒಂದು ರಾಜಿಸೂತ್ರ ಹೊಳೆಯಿತು. 2021ರ ತಂಡದವರ ಭೌತ, ರಸಾಯನ, ಗಣಿತಗಳ ಅಂಕದಲ್ಲಿ 100ಕ್ಕೆ ಸರಾಸರಿ 6ನ್ನು ಕಳೆದು ಉಳಿದುದನ್ನು ಸೇರಿಸುವುದು. ವಿಭಾಗೀಯ ಪೀಠ ಒಪ್ಪಿತು, ರ‍್ಯಾಂಕುಗಳು ಹೊಸದಾಗಿ ಪ್ರಕಟವಾದವು. ನ್ಯಾಯವನ್ನು ಹೀಗೆ ತೂಕದ ಕಲ್ಲಿನಲ್ಲಿ ಅಳೆದುಕೊಟ್ಟದ್ದು ಸರಿಯೇ ಎಂದು ಯಾರಾದರೂ ಕೇಳಬಹುದು. ಆದರೆ ಕಾಲೇಜುಗಳು ಕಾಯುತ್ತಿದ್ದಾಗ ಅದಕ್ಕಿಂತ ಒಳ್ಳೆಯ ಉತ್ತರ ಯಾರ ಬಳಿಯೂ ಇದ್ದಂತೆ ನಮಗೆ ಕಾಣುವುದಿಲ್ಲ. 2023–24ರಲ್ಲಿ ಕರ್ನಾಟಕವು ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿಗಳಿಗೆ ವರ್ಷಕ್ಕೆ ಮೂರು ಪರೀಕ್ಷೆಗಳನ್ನು ತಂದು ಹೆಚ್ಚಿನ ಅಂಕವನ್ನು ಉಳಿಸಿಕೊಳ್ಳಲು ಅವಕಾಶ ಕೊಟ್ಟಿತು. ತಮಿಳುನಾಡು ಮುಚ್ಚಿದ ಬಾಗಿಲನ್ನು ಕರ್ನಾಟಕ ಅಗಲವಾಗಿ ತೆರೆದಂತಾಯಿತು.

ಇನ್ನು ಪೂರ್ಣಾಂಕದ ಮಾತು. ನೀಟ್‌ನಲ್ಲಿ ಉತ್ತರಿಸಬೇಕಾದ ಪ್ರಶ್ನೆ 180, ಸರಿಯುತ್ತರಕ್ಕೆ 4, ತಪ್ಪಿಗೆ 1 ಕಳೆಯುತ್ತಾರೆ, ಒಟ್ಟು 720. 2020ರಲ್ಲಿ ಮೊದಲ ಬಾರಿಗೆ ಇಬ್ಬರಿಗೆ 720 ಬಂತು. ಒಡಿಶಾದ ಹುಡುಗನಿಗೂ ಉತ್ತರ ಪ್ರದೇಶದ ಹುಡುಗಿಗೂ ಅಂಕ ಸಮವಾಗಿದ್ದರಿಂದ ವಯಸ್ಸಿನಲ್ಲಿ ದೊಡ್ಡವನೆಂದು ಹುಡುಗನಿಗೆ ಮೊದಲ ಸ್ಥಾನ ಸಿಕ್ಕಿತು. 2023ರಲ್ಲಿ ಇಬ್ಬರಿಗೆ ಬಂತು, ಅವರಲ್ಲೊಬ್ಬ ತಮಿಳುನಾಡಿನವನು. 2024ರ ಜೂನ್ 4ರಂದು ಫಲಿತಾಂಶ ಬಂದಾಗ 67 ಮಂದಿಗೆ 720 ಬಂದಿತ್ತು. ನಮ್ಮ ಮಗಳು ಮೊದಲ ಸಲ ಬರೆದದ್ದು ಆ ವರ್ಷ.

ಅವಳ ಹನ್ನೆರಡನೆಯ ತರಗತಿಯ ವರ್ಷ ಎಣ್ಣೂರಿನ ಮಟ್ಟಿಗೆ ಕೆಟ್ಟ ವರ್ಷ. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತದ ನೆರೆಯ ಜೊತೆ ಕೊಸಸ್ಥಲೈ ನದಿಯ ಹಿನ್ನೀರಿನಲ್ಲಿ ಎಣ್ಣೆ ಹರಡಿತು. ಮೀನುಗಾರರು ಬಕೆಟ್ಟಿನಲ್ಲಿ ಅದನ್ನು ಬಳಿಯುತ್ತಿದ್ದ ದಿನಗಳಲ್ಲೇ, 26ರ ನಡುರಾತ್ರಿ, ಪೆರಿಯಕುಪ್ಪಂ ಬಳಿ ಸಮುದ್ರದೊಳಗಿನ ಕೊಳವೆಯಿಂದ ಅಮೋನಿಯಾ ಸೋರಿತು. ಜನ ಮಕ್ಕಳನ್ನೆತ್ತಿಕೊಂಡು ರಸ್ತೆಗೆ ಓಡಿದರು. ನಾವು ಒದ್ದೆ ಬಟ್ಟೆಯನ್ನು ಮೂಗಿಗೆ ಹಿಡಿದು ತಿರುವೊತ್ತಿಯೂರಿನವರೆಗೆ ಹೋಗಿ ಬೆಳಗಾಗುವವರೆಗೆ ಕೂತೆವು. ಮಗಳ ಕೈಚೀಲದಲ್ಲಿ ಜೀವಶಾಸ್ತ್ರದ ಪುಸ್ತಕವಿತ್ತು. ತಾನಾಗಿ ಹಾಕಿಕೊಂಡಳೋ, ಚೀಲದಲ್ಲಿ ಮೊದಲೇ ಇತ್ತೋ, ಅವಳಿಗೂ ನೆನಪಿಲ್ಲ. ಇಂಥ ರಾತ್ರಿಗಳಿಗೆ ಯಾವ ಪರೀಕ್ಷೆಯೂ ಕೃಪಾಂಕ ಕೊಡುವುದಿಲ್ಲ.

ಆದರೆ 2024ರಲ್ಲಿ ಬೇರೆ ಕೆಲವರಿಗೆ ಕೃಪಾಂಕ ಸಿಕ್ಕಿತು. ಕೆಲವು ಕೇಂದ್ರಗಳಲ್ಲಿ ಸಮಯ ನಷ್ಟವಾಯಿತೆಂದು 1563 ಮಂದಿಗೆ ಹೆಚ್ಚುವರಿ ಅಂಕ ಕೊಟ್ಟಿದ್ದರು. ಅದು ಬಯಲಾದದ್ದು ಸರಳ ಲೆಕ್ಕದಿಂದ. ಎಲ್ಲ ಸರಿಯಿದ್ದರೆ 720. ಒಂದನ್ನು ಬಿಟ್ಟರೆ 716. ಒಂದು ತಪ್ಪಾದರೆ 715. ಪಟ್ಟಿಯಲ್ಲಿ 719 ಮತ್ತು 718 ಪಡೆದವರಿದ್ದರು. ಹತ್ತನೆಯ ತರಗತಿಯ ಹುಡುಗನೂ ಹಿಡಿಯಬಲ್ಲ ಅಸಾಧ್ಯ ಸಂಖ್ಯೆಗಳು. ಕೃಪಾಂಕ ರದ್ದಾಗಿ ಜೂನ್ 23ರಂದು ಅವರಿಗೆ ಮರುಪರೀಕ್ಷೆ ನಡೆಯಿತು; ಬಂದವರು 813. ಪ್ರಶ್ನೆಪತ್ರಿಕೆ ಸೋರಿಕೆಯ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಭೌತಶಾಸ್ತ್ರದ ಒಂದು ಪ್ರಶ್ನೆಗೆ ಒಂದೇ ಸರಿಯುತ್ತರವೆಂದು ತೀರ್ಮಾನವಾದ ಮೇಲೆ ಜುಲೈ 26ರಂದು ಹೊರಬಂದ ಪರಿಷ್ಕೃತ ಪಟ್ಟಿಯಲ್ಲಿ 720 ಪಡೆದವರು 17 ಮಂದಿ. ಪೂರ್ಣಾಂಕವೆಂದು ಸಿಹಿ ಹಂಚಿದ ಐವತ್ತು ಮನೆಗಳಲ್ಲಿ ಏಳೇಳು ವಾರದ ನಂತರ ಅದು ಪೂರ್ಣವಲ್ಲವೆಂದಾಯಿತು.

ನಮ್ಮ ಮಗಳಿಗೆ ಬಂದದ್ದು 612. ಹಿಂದಿನ ವರ್ಷಗಳಲ್ಲಾಗಿದ್ದರೆ ಒಳ್ಳೆಯ ಅಂಕ. 23 ಲಕ್ಷಕ್ಕೂ ಹೆಚ್ಚು ಮಂದಿ ಬರೆದ ಆ ವರ್ಷದಲ್ಲಿ ಅದು ಬಾಗಿಲ ಹೊರಗಿನ ಅಂಕ. ಇಲ್ಲಿ ಹೊರನಾಡ ಕನ್ನಡಿಗರ ಇನ್ನೊಂದು ಕಷ್ಟವನ್ನೂ ಹೇಳಬೇಕು. ತಮಿಳುನಾಡಿನಲ್ಲಿ ಮೀಸಲಾತಿ ಶೇಕಡ 69. ಬೇರೆ ರಾಜ್ಯದಿಂದ ಬಂದವರ ಜಾತಿ ಪ್ರಮಾಣಪತ್ರ ಇಲ್ಲಿ ನಡೆಯದಾದ್ದರಿಂದ ನಾವು ಊರಿನಲ್ಲಿ ಯಾರೇ ಆಗಿದ್ದರೂ ಇಲ್ಲಿ ಉಳಿದ 31ರ ಸಾಲಿನಲ್ಲೇ ನಿಲ್ಲಬೇಕು. ಆ ವ್ಯವಸ್ಥೆಯ ಬಗ್ಗೆ ನಮಗೆ ದೂರಿಲ್ಲ. ಈ ನಾಡಿನ ಇತಿಹಾಸದಲ್ಲಿ ಅದಕ್ಕೆ ಬಲವಾದ ಕಾರಣಗಳಿವೆ. ಲೆಕ್ಕವನ್ನು ಹೇಳಿದೆವಷ್ಟೆ. ಮಗಳು ಮತ್ತೆ ಬರೆಯುತ್ತೇನೆಂದಳು. ಅವಳ ಅಜ್ಜಿ ಫೋನಿನಲ್ಲಿ, ಹೆಣ್ಣುಮಗುವಿನ ಒಂದು ವರ್ಷ ಕಳೆಯುತ್ತೀರಲ್ಲೋ, ಎಂದು ಬೇಸರಪಟ್ಟುಕೊಂಡರು. ನಾವು ಕಳೆದೆವು.

2025ರ ಮೇ 4ರಂದು ನಡೆದ ಪರೀಕ್ಷೆಯಲ್ಲಿ ಭೌತಶಾಸ್ತ್ರ ಎಷ್ಟು ಕಠಿಣವಾಗಿತ್ತೆಂದರೆ ಅವಳು ಹೊರಗೆ ಬಂದವಳೇ ಮಾತಾಡಲಿಲ್ಲ. ಆವಡಿಯ ಕೇಂದ್ರದಲ್ಲಿ ಮಳೆಗೆ ಕರೆಂಟು ಹೋಗಿ ತೊಂದರೆಯಾಯಿತೆಂದು ಕೆಲವರು ಮರುಪರೀಕ್ಷೆ ಕೋರಿ ಹೈಕೋರ್ಟಿಗೆ ಹೋದರು, ಕೋರ್ಟ್ ಒಪ್ಪಲಿಲ್ಲ. ಜೂನ್ 14ರಂದು ಫಲಿತಾಂಶ ಬಂತು. ದೇಶಕ್ಕೆ ಮೊದಲಿಗನ ಅಂಕವೇ 686. ಮಗಳಿಗೆ 521. ಒಂದು ವರ್ಷ ಓದಿ ತೊಂಬತ್ತೊಂದು ಅಂಕ ಕಡಿಮೆ, ಆದರೆ ರ‍್ಯಾಂಕು ಹತ್ತಾರು ಸಾವಿರ ಮೇಲೆ. ನೆಂಟರಿಗೆ ಇದನ್ನು ವಿವರಿಸುವುದು ನಮ್ಮಿಂದಾಗಲಿಲ್ಲ. ಅಂಕ ಎಷ್ಟೆಂದು ಕೇಳಿದವರಿಗೆಲ್ಲ ಹಿಂದಿನ ವರ್ಷದ್ದನ್ನೇ ಹೇಳೋಣವೇ ಎಂದು ಅವಳೇ ನಗೆಯಾಡಿದಳು.

ಈ ವರ್ಷದ ನಡುವೆ ಅವಳು ಇನ್ನೊಂದು ಪರೀಕ್ಷೆಯನ್ನೂ ಬರೆದಿದ್ದಳು. ಹೊರನಾಡು ಮತ್ತು ಗಡಿನಾಡು ಕನ್ನಡಿಗರ ಮಕ್ಕಳಿಗಾಗಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆ ಅದು. ಮಟ್ಟ ನಾಲ್ಕನೆಯ ತರಗತಿಯದು. 50ಕ್ಕೆ 12 ಬಂದರೆ ಸಾಕು. ಮನೆಯಲ್ಲಿ ಕನ್ನಡವನ್ನೇ ಆಡುವವಳಾದರೂ ಬರೆದು ರೂಢಿಯಿರಲಿಲ್ಲ. ಭೌತಶಾಸ್ತ್ರದ ನೋಟ್ ಪುಸ್ತಕದ ಹಿಂದಿನ ಪುಟಗಳಲ್ಲಿ ಒತ್ತಕ್ಷರ ತಿದ್ದಿದಳು. ಲ ಮತ್ತು ಳ, ಅ ಮತ್ತು ಹಗಳನ್ನು ಅಜ್ಜಿ ಫೋನಿನಲ್ಲೇ ಹೇಳಿಕೊಟ್ಟರು. ಆ ಹತ್ತು ತಿಂಗಳಲ್ಲಿ ಅವಳು ಕೈಗಡಿಯಾರ ನೋಡದೆ ಓದಿದ್ದು ಅದೊಂದನ್ನೇ. ಪರೀಕ್ಷೆಯ ಹಿಂದಿನ ರಾತ್ರಿ ಬೆಂಗಳೂರಿಗೆ ಹೋಗುವ ರೈಲಿನಲ್ಲಿ ಸ್ಟೇಷನ್ನುಗಳ ಹೆಸರನ್ನು ಕನ್ನಡದಲ್ಲಿ ಬರೆದು ನಮಗೆ ತೋರಿಸುತ್ತಿದ್ದಳು; ಬಂಗಾರಪೇಟೆಗೆ ಬರುವವರೆಗೂ ಬೋರ್ಡುಗಳು ಕತ್ತಲಲ್ಲಿ ಕಾಣದಿದ್ದುದರಿಂದ ಸರಿಯೋ ತಪ್ಪೋ ನೋಡಲು ಆಗಲಿಲ್ಲ.